ಅಲ್ಲಿಯವರ ಅಂಗಿಯೆಲ್ಲ ಸಾರು

“ಮುರಿದೇ ಹೋಯ್ತಲ್ಲ ಮಗಾ.”

“ಅಜ್ಜೀ, ಮೆಕ್ಸಿಕೋದಲ್ಲಿ ಇದು ಹೀಗೇ ಇರೋದು.”

“ಹಾಗಾದ್ರೆ ಅಲ್ಲಿಯವರ ಅಂಗಿಯೆಲ್ಲ ಸಾರೇ ಅನ್ನು.”

ಭಾನುವಾರ ಮಧ್ಯಾಹ್ನ ಕೊಡಗಿನ ಸುಂಟಿಕೊಪ್ಪದ ಹತ್ತಿರ, ತೋಟದ ಗೇಟಿನ ಪಕ್ಕ ನಿಲ್ಲಿಸಿದ್ದ ಟ್ಯಾಕೊ (ಮಾಂಸ ತುಂಬಿ ಮಡಚಿದ ಮೆಕ್ಸಿಕೋದ ಜೋಳದ ರೊಟ್ಟಿ) ಮಾರುವ ಟ್ರೈಲರಿನ ಮುಂದೆ ನಡೆದ ಮಾತು ಇಷ್ಟೇ. ಅಜ್ಜಿಯ ಕೈಯಲ್ಲಿ ಎರಡು ಹೋಳಾದ ರೊಟ್ಟಿ, ಮೊಣಕೈವರೆಗೆ ಇಳಿದ ಪಂದಿಕರಿಯ, ಅಂದರೆ ಹಂದಿ ಮಾಂಸದ, ಸಾರು. ಸೊಸೆ ಮುಖ ಮುಚ್ಚಿಕೊಂಡು “ಸುಮ್ನಿರಿ ಅತ್ತೆ” ಅಂದಳು. ಬೆಂಗಳೂರಿನ ನಾಲ್ಕು ಜನ ಮಾತ್ರ ಅದೇ ಮುರಿದ ರೊಟ್ಟಿಯನ್ನು ಪ್ಲೇಟಿನಿಂದ ಹೆಕ್ಕಿ ತಿನ್ನುತ್ತ “ಅಥೆಂಟಿಕ್” ಅಂತ ತಲೆದೂಗುತ್ತಿದ್ದರು. ಅವರ ಮೇಲೆ ನನಗೆ ಬಂದಷ್ಟು ಸಿಟ್ಟು ಹುಡುಗನ ಮೇಲೆ ಬರಲಿಲ್ಲ.

ಹುಡುಗ ವಾರವೆಲ್ಲ ತೋಟದಲ್ಲಿ ಲೆಕ್ಕ ಬರೆಯುವ ರೈಟರ್, ಶನಿವಾರ ಭಾನುವಾರ ಟ್ಯಾಕೊ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮಾಂಸ ಬೇಯಿಸುವುದು ಅವನಿಗೆ ಗೊತ್ತು. ರೊಟ್ಟಿ ಗೊತ್ತಿಲ್ಲ, ಗೊತ್ತಿಲ್ಲ ಅನ್ನುವುದೂ ಗೊತ್ತಿಲ್ಲ.

ಮೆಕ್ಸಿಕೋದಲ್ಲಿ ಹೀಗಿಲ್ಲ. ಅಲ್ಲಿ ಬೀದಿಯ ಗಾಡಿಗಳಲ್ಲಿ ಎಷ್ಟೋ ಕಡೆ ಒಂದರ ಮೇಲೊಂದು ಎರಡು ಟೋರ್ಟಿಯಾ, ಅಂದರೆ ತೆಳು ಜೋಳದ ರೊಟ್ಟಿ, ಇಟ್ಟು ಮಾಂಸ ಹಾಕುತ್ತಾರೆ, ಒಂದು ಒದ್ದೆಯಾದರೂ ಇನ್ನೊಂದು ಹಿಡಿದುಕೊಳ್ಳಲಿ ಅಂತ. ತಿನ್ನುವವರು ಸೊಂಟ ಬಾಗಿಸಿ, ತಲೆ ಮುಂದೆ ಚಾಚಿ, ಅಂಗಿ ಉಳಿಸಿಕೊಂಡು ತಿನ್ನುತ್ತಾರೆ. ಅಂದರೆ ಅಜ್ಜಿ ತಮಾಷೆಗೆ ಹೇಳಿದ ತೊಂದರೆ ಅಲ್ಲಿಯವರಿಗೂ ಇತ್ತು, ಅವರು ಅದಕ್ಕೊಂದು ದಾರಿ ಮಾಡಿಕೊಂಡರು. ನಮ್ಮ ಹುಡುಗ ಮಾಡಿಕೊಂಡಿದ್ದು ಒಂದು ನೆಪ.

ರೊಟ್ಟಿ ಮುರಿದದ್ದಕ್ಕೆ ಕಾರಣ ಸರಳ. ಅವನು ಅಂಗಡಿಯ ಮುಸುಕಿನ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದ್ದ. ಗೋಧಿಯ ಅಂಟು ಜೋಳಕ್ಕಿಲ್ಲ, ಎಷ್ಟು ನಾದಿದರೂ ಬಿಸಿ ಇರುವಷ್ಟು ಹೊತ್ತು ಮಾತ್ರ ಬಾಗುತ್ತದೆ. ಟೋರ್ಟಿಯಾಕ್ಕೆ ಹಿಟ್ಟಿಗಿಂತ ಮೊದಲು ಕಾಳಿಗೇ ಕೆಲಸ ಕೊಡಬೇಕು, ಸುಣ್ಣದ ನೀರಿನಲ್ಲಿ. 1 ಕಿಲೊ ಒಣ ಕಾಳಿಗೆ 3 ಲೀಟರ್ ನೀರು, 10 ಗ್ರಾಂ ತಿನ್ನುವ ಸುಣ್ಣದ ಪುಡಿ. ವೀಳ್ಯದೆಲೆಗೆ ಹಚ್ಚುವ ಸುಣ್ಣವಾದರೆ ಅದರಲ್ಲೇ ನೀರಿರುವುದರಿಂದ 20 ಗ್ರಾಂ ಹತ್ತಿರ. ಗೋಡೆಗೆ ಬಳಿಯುವ ಸುಣ್ಣ ಖಂಡಿತ ಬೇಡ. ಸಣ್ಣ ಕುದಿಯಲ್ಲಿ 45 ನಿಮಿಷ ಇಟ್ಟು, ಒಲೆ ಆರಿಸಿ, ಮುಚ್ಚಿ, ರಾತ್ರಿಯಿಡೀ ಬಿಡಬೇಕು. ಮಡಿಕೇರಿಯವರು ಇನ್ನೊಂದು ಹತ್ತು ಹದಿನೈದು ನಿಮಿಷ ಸೇರಿಸಿಕೊಳ್ಳಲಿ. 1150 ಮೀಟರ್ ಎತ್ತರದಲ್ಲಿ ನೀರು 96 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ, ಕುದಿ ಕಂಡರೂ ಬೇಯುವುದು ನಿಧಾನ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಸ್ಟೀಲ್ ಬಳಸಿ. ಬೆಳಿಗ್ಗೆ ಕಾಳನ್ನು ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರುತ್ತದೆ. ಮೂರು ನೀರಿನಲ್ಲಿ ತೊಳೆದು ರುಬ್ಬಬೇಕು.

ಸುಣ್ಣ ಮಾಡುವುದು ಎರಡು ಕೆಲಸ. ಕಾಳಿನ ಸಿಪ್ಪೆಯನ್ನು ಕರಗಿಸಿ ಹಿಟ್ಟಿಗೆ ಹಿಡಿತ ಕೊಡುತ್ತದೆ. ಜೊತೆಗೆ ಜೋಳದೊಳಗೆ ಬಿಗಿಯಾಗಿ ಕೂತಿರುವ ನಯಾಸಿನ್ ಎಂಬ ಜೀವಸತ್ವವನ್ನು ಬಿಡಿಸುತ್ತದೆ. ಯುರೋಪಿನವರು ಅಮೆರಿಕದಿಂದ ಜೋಳ ತಂದರು, ಸುಣ್ಣದ ಪಾಠ ತರಲಿಲ್ಲ. ಇಟಲಿಯಲ್ಲಿ ಜೋಳವೊಂದನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರ ಎಂಬ ನಯಾಸಿನ್ ಕೊರತೆಯ ರೋಗ ಬಂತು, ಚರ್ಮ ಸುಲಿದುಹೋಯಿತು.

ಕಾಳು ಎಲ್ಲಿಂದ ತರುತ್ತೀರಿ ಅನ್ನುವುದೂ ಮುಖ್ಯ. ಕುಶಾಲನಗರದ ಕಡೆ ಜೋಳ ಸಿಗುತ್ತದೆ, ಆದರೆ ಬೀಜದಂಗಡಿಯ ಗುಲಾಬಿ ಬಣ್ಣದ ಕಾಳಿಗೆ ಔಷಧಿ ಹಚ್ಚಿರುತ್ತಾರೆ, ತೊಳೆದರೂ ತಿನ್ನುವಂಥದ್ದಲ್ಲ. ಮಳೆಗಾಲದಲ್ಲಿ ಬೂಷ್ಟು ವಾಸನೆ ಬಂದ ಮೂಟೆಯನ್ನು ದರ ಕಡಿಮೆ ಅಂತ ಎತ್ತಬಾರದು. ಬೂಷ್ಟಿನ ವಿಷ ಬೇಯಿಸಿದರೆ ಹೋಗುವುದಿಲ್ಲ.

ರುಬ್ಬುವುದು ನಿಜವಾದ ತಲೆನೋವು. ನಮ್ಮ ಗ್ರೈಂಡರ್ ದೋಸೆ ಹಿಟ್ಟಿಗೆ ಮಾಡಿದ್ದು. ನೀರು ಕಡಿಮೆಯಾದರೆ ಕಲ್ಲು ನಿಲ್ಲುತ್ತದೆ, ಹೆಚ್ಚಾದರೆ ದೋಸೆ ಹಿಟ್ಟೇ ಆಗುತ್ತದೆ. ಮೊದಲು ಮಿಕ್ಸಿಯಲ್ಲಿ ತರಿತರಿ ಮಾಡಿ, ಆಮೇಲೆ ಗ್ರೈಂಡರಿಗೆ ಸ್ವಲ್ಪಸ್ವಲ್ಪ ಹಾಕುತ್ತ ನೀರು ಚಿಮುಕಿಸಿದರೆ ಬರುತ್ತದೆ. ಹಿಟ್ಟು ಬೆರಳಿಗೆ ಅಂಟಬಾರದು, ಉಂಡೆ ಅದುಮಿದರೆ ಅಂಚು ಬಿರಿಯಬಾರದು. ಕಿಲೊ ಕಾಳಿಗೆ 1.8 ಕಿಲೊ ಹತ್ತಿರ ಹಿಟ್ಟು, 30 ಗ್ರಾಂ ಉಂಡೆ ಲೆಕ್ಕದಲ್ಲಿ 60 ರೊಟ್ಟಿ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಒತ್ತಿ, ಚೆನ್ನಾಗಿ ಕಾದ ಕಬ್ಬಿಣದ ಕಾವಲಿಗೆ. ಮೊದಲ ಮಗ್ಗುಲು 20 ಸೆಕೆಂಡ್, ಎರಡನೆಯದು ಒಂದು ನಿಮಿಷ, ಮತ್ತೆ ತಿರುವಿದರೆ ಉಬ್ಬಬೇಕು. ಕೂಡಲೇ ಬಟ್ಟೆಯಲ್ಲಿ ಸುತ್ತಿ ಹಾಟ್‌ಬಾಕ್ಸಿನಲ್ಲಿ ಹದಿನೈದು ನಿಮಿಷ. ತನ್ನ ಹಬೆಯಲ್ಲೇ ಅದು ಮೆತ್ತಗಾಗುತ್ತದೆ. ಹುಡುಗ ಕಾವಲಿಯಿಂದ ನೇರ ಪ್ಲೇಟಿಗೆ ಹಾಕುತ್ತಿದ್ದ. “ಬಿಸಿಬಿಸಿ ಕೊಡ್ತೀವಿ” ಅಂತ ಬೋರ್ಡಿನಲ್ಲೂ ಬರೆಸಿದ್ದಾನೆ!

ಮತ್ತೆ ಅಜ್ಜಿಯ ಕೈ ಕಣ್ಣ ಮುಂದೆ ಬರುತ್ತದೆ. ಆ ಕೈ ಎಷ್ಟು ವರ್ಷದಿಂದ ಅಕ್ಕಿ ರೊಟ್ಟಿ ತಟ್ಟಿದೆಯೋ. ಕೊಡಗಿನ ಅಕ್ಕಿ ರೊಟ್ಟಿಗೆ ಬರೀ ಹಿಟ್ಟು ನಾದುವುದಿಲ್ಲ, ಬೆಂದ ಅನ್ನವನ್ನು ಹಿಸುಕಿ ಅಕ್ಕಿ ಹಿಟ್ಟಿನೊಡನೆ ಸೇರಿಸುತ್ತಾರೆ. ಬೆಂದ ಅನ್ನವೇ ಅಂಟು, ಅದಕ್ಕೇ ಆ ರೊಟ್ಟಿ ಮಡಚಿದರೂ ಮುರಿಯುವುದಿಲ್ಲ. ಧಾನ್ಯವನ್ನು ಮೊದಲು ಬೇಯಿಸಿ ಅಂಟು ಹುಟ್ಟಿಸುವುದು, ಆಮೇಲೆ ರೊಟ್ಟಿ: ಮೆಕ್ಸಿಕೋದ ಅಡುಗೆಮನೆಗೂ ವಿರಾಜಪೇಟೆಯ ಅಡುಗೆಮನೆಗೂ ಗೊತ್ತಿರುವ ಒಂದೇ ಗುಟ್ಟು. ಈ ಹುಡುಗ ಇಬ್ಬರನ್ನೂ ಕೇಳಲಿಲ್ಲ, ಮೊಬೈಲನ್ನು ಕೇಳಿದ. ಜೋಳ ಕೈಗೆ ಹತ್ತುವವರೆಗೆ ಸಣ್ಣ ಅಕ್ಕಿ ರೊಟ್ಟಿಯಲ್ಲೇ ಪಂದಿ ಮಡಚಿ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಹೆಸರು ಮಾತ್ರ ಅಕ್ಕಿ ರೊಟ್ಟಿ ಅಂತಲೇ ಬರೆಯಬೇಕು.

ಸಾರು ಮೊಣಕೈಗೆ ಇಳಿದದ್ದು ರೊಟ್ಟಿಯ ತಪ್ಪಲ್ಲ. ಪಂದಿಕರಿ ಕಡುಬಿನ ಜೊತೆ ತಿನ್ನಲು ಮಾಡಿದ್ದು, ಅಲ್ಲಿ ಸಾರು ಬೇಕು. ಟ್ಯಾಕೊಗೆ ಮಾಂಸವನ್ನು ಸೋಸಿ ತೆಗೆದು ಸಣ್ಣಗೆ ಕೊಚ್ಚಬೇಕು, ಸಾರನ್ನು ಬೇರೆಯಾಗಿ ಬತ್ತಿಸಿ ಚಮಚದ ಬೆನ್ನಿಗೆ ಅಂಟುವಷ್ಟು ಗಟ್ಟಿ ಮಾಡಿ, ಎರಡನ್ನೂ ಕಾವಲಿ ಮೇಲೆ ಹೊರಳಿಸಬೇಕು. ಒಂದಕ್ಕೆ 50 ಗ್ರಾಂ ಸಾಕು. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಕೊನೆಗೆ, ಅದನ್ನೂ ಅಲ್ಯೂಮಿನಿಯಂಗೆ ತಾಗಿಸಬೇಡಿ. ಇಟ್ಟ ಮಾಂಸ 60 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ನಮ್ಮ ಚಳಿಗೆ ಹಂದಿ ಕೊಬ್ಬು ಹತ್ತೇ ನಿಮಿಷದಲ್ಲಿ ಮೇಣವಾಗುತ್ತದೆ, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಕೆಡುತ್ತದೆ. ಮೇಲಕ್ಕೆ ಈರುಳ್ಳಿ, ಕೊತ್ತಂಬರಿ, ನಿಂಬೆ, ಗಾಂಧಾರಿ ಮೆಣಸು. ತೋಟದ ಬೆಣ್ಣೆಹಣ್ಣು ಇರುವ ತಿಂಗಳುಗಳಲ್ಲಿ ಅದನ್ನು ಹಿಸುಕಿ ಹಾಕಬಹುದು, ಆದರೆ ಆಗಾಗ ಸ್ವಲ್ಪವೇ ಹಿಸುಕಬೇಕು. ಗಾಳಿ ತಾಗಿದರೆ ಕಪ್ಪಾಗುತ್ತದೆ, ನಿಂಬೆರಸ ಅದನ್ನು ತಡ ಮಾಡುತ್ತದೆ ಅಷ್ಟೇ.

ಟ್ರೈಲರಿನ ಬಗ್ಗೆಯೂ ಹೇಳಬೇಕು. ದುಡ್ಡು ಹಾಕಿದ ದೊಡ್ಡಪ್ಪನ ಮಗ ಹೊರಗಿನ ಬಣ್ಣ, ದೀಪಗಳಿಗೆ ಖರ್ಚು ಮಾಡಿದ್ದಾನೆ, ಒಳಗಿನ ತೂಕ ನೋಡಿಲ್ಲ. 100 ಲೀಟರ್ ನೀರಿನ ಟ್ಯಾಂಕ್ ಹಿಂಬದಿ ಬಾಗಿಲ ಬಳಿ! ಅದು ತುಂಬಿದರೆ 100 ಕಿಲೊ. ಒಂದೇ ಅಚ್ಚಿನ ಟ್ರೈಲರಿನಲ್ಲಿ ಭಾರ ಹಿಂದೆ ಬಿದ್ದರೆ ಕೊಕ್ಕೆ ಹಗುರಾಗಿ, ಆನೆಕಾಡಿನ ತಿರುವಿನಲ್ಲಿ ಬಾಲ ಬೀಸುತ್ತದೆ. ಒಟ್ಟು ತೂಕದಲ್ಲಿ ಶೇ. 10ರಿಂದ 15 ಕೊಕ್ಕೆಯ ಮೇಲೆ ಇರಬೇಕು, ಭಾರದ ಸಾಮಾನು ಅಚ್ಚಿನ ಮೇಲೆ ಅಥವಾ ತುಸು ಮುಂದೆ. ಅರ್ಧ ತುಂಬಿದ ಟ್ಯಾಂಕ್ ಇನ್ನೂ ಕೆಟ್ಟದ್ದು, ನೀರು ಕುಲುಕಿ ಗಾಡಿಯನ್ನು ಎಳೆಯುತ್ತದೆ. ಖಾಲಿ ತಂದು ಜಾಗದಲ್ಲಿ ತುಂಬಿಸಿಕೊಳ್ಳಿ. ಮಳೆಯ ಕೆಂಪು ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಅಡಿಗೆ ಹಲಗೆ ಬೇಕು, ಚಕ್ರ ಉರುಳದಂತೆ ಎರಡೂ ಕಡೆ ಅಡ್ಡ ಕೊಡಬೇಕು.

ಗ್ಯಾಸ್ 19 ಕಿಲೊದಂಥ ವಾಣಿಜ್ಯ ಸಿಲಿಂಡರೇ ಆಗಬೇಕು, ಮನೆಯದ್ದನ್ನು ತರುವುದು ಅಪರಾಧ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ, ಆದ್ದರಿಂದ ಸಿಲಿಂಡರ್ ಗೂಡಿನ ತೂತು ತಳದಲ್ಲಿರಬೇಕು. ಚಳಿಯಲ್ಲಿ ನಾಲ್ಕು ಒಲೆ ಒಟ್ಟಿಗೆ ಉರಿಸಿದರೆ ಸಿಲಿಂಡರ್ ಬೆವರಿ, ಹಿಮಗಟ್ಟಿ, ಉರಿ ಸಣ್ಣಗಾಗುತ್ತದೆ. ಕೆಳಗೆ ಬೆಂಕಿ ತೋರಿಸುವ ಮಹಾನುಭಾವರೂ ಇದ್ದಾರೆ! ಎರಡು ಸಿಲಿಂಡರ್ ಜೋಡಿಸಿ, ಅಷ್ಟೇ. ಆಹಾರ ಸುರಕ್ಷತೆಯ ನೋಂದಣಿ ಬೇಕು. ಟ್ರೈಲರಿಗೂ ಆರ್‌ಟಿಒ ನೋಂದಣಿ ಬೇಕು. ಪಂಚಾಯಿತಿಯ ಒಪ್ಪಿಗೆ, ಜಾಗದವರ ಪತ್ರ. ಕಾಗದದ ಕೆಲಸ ಇಲ್ಲಿಗೆ ಬಿಡುತ್ತೇನೆ. ರಾತ್ರಿ ಜೋಳದ ಮೂಟೆ ಟ್ರೈಲರಿನಲ್ಲಿ ಬಿಟ್ಟು ಹೋಗಬೇಡಿ, ಆನೆಗೆ ನೋಂದಣಿ ತೋರಿಸಲಾಗದು.

“ಮೆಕ್ಸಿಕೋದಲ್ಲಿ ಇದು ಹೀಗೇ.” ಈ ಮಾತು ಎಲ್ಲೋ ಕೇಳಿದಂತಿದೆ ಅಂತ ಮೂರು ದಿನ ಯೋಚಿಸಿದೆ. ಕೇಳಿದ್ದು ನಮ್ಮಲ್ಲೇ. ಪ್ರವಾಸಿಗರಿಗೆ ಟೊಮೆಟೊ ಹುಳಿ, ಬಾಟಲಿ ವಿನೆಗರ್ ಹಾಕಿದ ಪಂದಿಕರಿ ಬಡಿಸಿ “ಕೊಡಗಲ್ಲಿ ಹೀಗೇ ಮಾಡೋದು” ಅನ್ನುವ ಮೇಜುಗಳು ಎಷ್ಟಿಲ್ಲ? ಹಣ್ಣು ಕೊಳೆಸಿ, ರಸ ಇಳಿಸಿ, ಕಪ್ಪಗೆ ಕುದಿಸಿದ ಕಾಚಂಪುಳಿಯ ರುಚಿ ಗೊತ್ತಿಲ್ಲದವರು ನಂಬುತ್ತಾರೆ. ದೂರದವರಿಗೆ ನಮ್ಮ ಹೆಸರಲ್ಲಿ ಏನು ಬೇಕಾದರೂ ಹೇಳಬಹುದು, ನಮಗೆ ದೂರದವರ ಹೆಸರಲ್ಲಿ. ಹುಡುಗ ಈ ವಿದ್ಯೆ ಹೊರಗಿನಿಂದ ಕಲಿತದ್ದಲ್ಲ. ತಪ್ಪು ಗಿರಾಕಿಯ ಮೇಲೆ ಪ್ರಯೋಗಿಸಿದ, ಅಷ್ಟೇ.

ಅಜ್ಜಿ ಪ್ಲೇಟನ್ನು ಹಿಂದಿರುಗಿಸಲಿಲ್ಲ. ಚೂರುಗಳನ್ನು ಸಾರಿನಲ್ಲಿ ನೆನೆಸಿ ಚಮಚದಲ್ಲಿ ಪೂರ್ತಿ ತಿಂದು, “ಪಂದಿ ಒಳ್ಳೇದುಂಟು” ಅಂದರು. ಹುಡುಗ ಆಗ ತಲೆ ತಗ್ಗಿಸಿದ.

ನಿನ್ನೆ ಶುಕ್ರವಾರ ರಾತ್ರಿ ಹತ್ತೂವರೆಗೆ ಅವನ ಫೋನ್. “ಸುಣ್ಣ ಹಾಕಿದ್ಮೇಲೆ ಜೋಳ ಕಡು ಹಳದಿ ಆಗ್ಬಿಟ್ಟಿದೆ ಅಣ್ಣಾ, ಏನೋ ವಾಸನೆ ಬೇರೆ. ಕೆಟ್ಟೋಯ್ತಾ?”

“ಒಂದು ಕಾಳು ತೆಗೆದು ಉಜ್ಜು. ಸಿಪ್ಪೆ ಜಾರ್ತದಾ?”

ಆ ಕಡೆ ಪಾತ್ರೆಯ ಮುಚ್ಚಳದ ಸದ್ದು. ಆಮೇಲೆ, “ಜಾರ್ತದೆ.”

“ಮುಚ್ಚಿಟ್ಟು ಮಲಗು.”