ಬಲ್ಬ್ ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ: ಮಾವನ ಔಟ್‌ಬೋರ್ಡ್ ರಿಪೇರಿ

ಆಗಸ್ಟ್, ಮಳೆ ಸ್ವಲ್ಪ ಬಿಟ್ಟ ಭಾನುವಾರ

ದೋಣಿಯ ಹಿಂದೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್, 8 ಎಚ್‌ಪಿ ಟೂ ಸ್ಟ್ರೋಕ್. ಎರಡು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸುವ ಒಂದೇ ಕಾರ್ಬುರೇಟರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವುದು. ಪೆಟ್ರೋಲ್ ಟ್ಯಾಂಕ್ ಬೇರೆ, ದೋಣಿಯೊಳಗೆ ಇರುತ್ತದೆ. ಅಲ್ಲಿಂದ ಎಂಜಿನ್‌ಗೆ ಒಂದು ಪೈಪ್, ಪೈಪಿನ ನಡುವೆ ಕೈಯಲ್ಲಿ ಒತ್ತುವ ರಬ್ಬರ್ ಬಲ್ಬ್. ಜಾಗ ಉಡುಪಿ ಜಿಲ್ಲೆಯ ಗಂಗೊಳ್ಳಿ. ಜೂನ್ 1ರಿಂದ ಜುಲೈ 31ರ ತನಕದ ಮೀನುಗಾರಿಕೆ ನಿಷೇಧ ಇಷ್ಟು ಸಣ್ಣ ಎಂಜಿನ್ನಿನ ನಾಡದೋಣಿಗೆ ಇಲ್ಲ. ಆದರೆ ಆ ಕಡಲಿಗೆ ಯಾರು ಇಳಿಯುತ್ತಾರೆ? ಎಂಜಿನ್ ಮಳೆಗಾಲವಿಡೀ ಕೊಟ್ಟಿಗೆಯಲ್ಲೇ ನಿಂತಿತ್ತು.

ಮಾವನ ದೂರು ಇಷ್ಟು: ಸ್ಟಾರ್ಟ್ ಚೆನ್ನಾಗಿ ಆಗುತ್ತದೆ, ನಿಧಾನಕ್ಕೆ ಹೋದರೆ ತೊಂದರೆ ಇಲ್ಲ, ಪೂರ್ತಿ ಥ್ರಾಟಲ್ ಕೊಟ್ಟು ಸ್ವಲ್ಪ ದೂರ ಹೋದರೆ ಉಸಿರು ಕಟ್ಟಿದ ಹಾಗೆ ಮಾಡಿ ನಿಲ್ಲುತ್ತದೆ. ಬಲ್ಬ್ ಒತ್ತಿದರೆ ಮತ್ತೆ ಓಡುತ್ತದೆ. ಹೊಳೆಯಲ್ಲಿ ನಿಂತರೆ ಹುಟ್ಟು ಹಾಕಿ ದಡ ಸೇರಬಹುದು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ, ತೆರೆ ಏಳುವ ಜಾಗದಲ್ಲಿ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಹಾಗಾಗಿ ಇದು ಸರಿಯಾಗುವ ತನಕ ಅಳಿವೆ ದಾಟುವುದಿಲ್ಲ ಅಂತ ಮೊದಲೇ ಮಾತಾಗಿದೆ.

ನೋಡಿದವರೆಲ್ಲ ಹೇಳಿದ್ದು ಒಂದೇ, ‘ಕಾರ್ಬುರೇಟರ್ ಬಿಚ್ಚು’. ನನಗೆ ಒಪ್ಪಿಗೆಯಾಗಲಿಲ್ಲ. ಬಲ್ಬ್ ಒತ್ತಿದಾಗ ಎಂಜಿನ್ ಚೇತರಿಸಿಕೊಳ್ಳುತ್ತದೆ ಅಂದರೆ ಕಾರ್ಬುರೇಟರ್‌ಗೆ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಅಂತಲೇ ಅರ್ಥ, ಅಲ್ವಾ? ಈ ಗಾತ್ರದ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ನಾಲ್ಕು ಲೀಟರ್ ಹತ್ತಿರ ಕುಡಿಯುತ್ತದೆ. ನಿಧಾನಕ್ಕೆ ಓಡುವಾಗ ಬೇಕಾಗುವುದು ಅದರಲ್ಲಿ ಸ್ವಲ್ಪವೇ ಪಾಲು. ಅರ್ಧಂಬರ್ಧ ಬರುವ ಪೆಟ್ರೋಲ್ ಐಡಲ್‌ಗೆ ಸಾಲುತ್ತದೆ, ವೇಗಕ್ಕೆ ಸಾಲುವುದಿಲ್ಲ. ಆದ್ದರಿಂದ ಟ್ಯಾಂಕಿನಿಂದ ಶುರು ಮಾಡಿ ಎಂಜಿನ್ ಕಡೆಗೆ ಹೋಗುವುದು ಅಂತ ತೀರ್ಮಾನ.

ಮೊದಲು ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ಸ್ಕ್ರೂ. ಅದು ಮುಚ್ಚಿದ್ದರೆ ಪೆಟ್ರೋಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ನಿರ್ವಾತ ಆಗಿ ಎಂಜಿನ್ ಇದೇ ರೀತಿ ನಿಲ್ಲುತ್ತದೆ. ತೆರೆದೇ ಇತ್ತು. ಬಾಯಿಟ್ಟು ಊದಿ ನೋಡಿದೆ, ಗಾಳಿ ಸಲೀಸಾಗಿ ಹೋಯಿತು. ಟ್ಯಾಂಕಿನೊಳಗಿನ ಜಾಲರಿಯಲ್ಲೂ ಕಸ ಇಲ್ಲ.

ಆಮೇಲೆ ಎಂಜಿನ್ ಡ್ರಮ್ಮಿನ ನೀರಿನಲ್ಲಿ ಇಳಿಸಿ ಓಡಿಸಿದೆವು. ಎಷ್ಟು ಹೊತ್ತು ಓಡಿದರೂ ನಿಲ್ಲಲೇ ಇಲ್ಲ! ಡ್ರಮ್ಮಿನಲ್ಲಿ ಲೋಡ್ ಬೀಳುವುದಿಲ್ಲ, ಈ ಥರದ ರೋಗ ಅಲ್ಲಿ ಕಾಣಿಸುವುದೂ ಇಲ್ಲ.

ಮುಂದಿನ ವಾರಾಂತ್ಯ

ದೋಣಿಯನ್ನು ಹೊಳೆಗೆ ಇಳಿಸಿ, ಗಟ್ಟಿ ಹಗ್ಗದಲ್ಲಿ ದಕ್ಕೆಯ ಕಂಬಕ್ಕೆ ಕಟ್ಟಿ, ಗೇರ್ ಹಾಕಿ ಥ್ರಾಟಲ್ ಕೊಟ್ಟೆ. ಕಟ್ಟಿದ ದೋಣಿ ಮುಂದೆ ಹೋಗುವ ಹಾಗಿಲ್ಲ, ಎಂಜಿನ್ ಮೇಲೆ ಪೂರ್ತಿ ಲೋಡ್. (ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಕೈಗೆ ಕಟ್ಟಿಕೊಂಡೇ ಮಾಡಿ, ಕಂಬದ ಹಗ್ಗ ಕಿತ್ತರೆ ದೋಣಿ ಎಲ್ಲಿಗೆ ನುಗ್ಗುತ್ತದೆ ಹೇಳಲಿಕ್ಕಾಗದು.) ಮಾವನ ಮಗ ಬಲ್ಬ್ ಹಿಡಿದು ಕೂತ. ಸ್ವಲ್ಪ ಹೊತ್ತಿಗೆ ಸದ್ದು ಇಳಿಯತೊಡಗಿತು. ‘ಬಲ್ಬ್ ಹೇಗಿದೆ?’ ಅಂದೆ. ‘ಮೆತ್ತಗಾಗಿದೆ, ಆದರೆ ಚಪ್ಪಟೆ ಆಗಿಲ್ಲ’ ಅಂದ.

ನನಗೆ ಬೇಕಾಗಿದ್ದದ್ದು ಈ ಉತ್ತರವೇ. ಬಲ್ಬ್ ಒಳಕ್ಕೆ ಎಳೆದುಕೊಂಡು ಚಪ್ಪಟೆಯಾದರೆ ಬ್ಲಾಕ್ ಇರುವುದು ಬಲ್ಬ್‌ಗಿಂತ ಹಿಂದೆ, ಅಂದರೆ ಟ್ಯಾಂಕ್ ಕಡೆ. ಸುಮ್ನೆ ಮೆತ್ತಗಾದರೆ ಎಲ್ಲೋ ಗಾಳಿ ಒಳಗೆ ಬರುತ್ತಿದೆ, ಇಲ್ಲವೇ ಪೆಟ್ರೋಲ್ ಎಳೆಯುವ ಎಂಜಿನ್ನಿನ ಪಂಪ್ ಸೋತಿದೆ.

ಎರಡರಲ್ಲಿ ಯಾವುದು ಅಂತ ತಿಳಿಯಲು ಪಕ್ಕದ ದೋಣಿಯ ಅಣ್ಣನ ಟ್ಯಾಂಕ್ ಮತ್ತು ಪೈಪ್ ಕೇಳಿ ತಂದೆವು, ಪೈಪನ್ನು ಎಂಜಿನ್‌ಗೆ ಸಿಕ್ಕಿಸುವ ಕನೆಕ್ಟರ್ ಅದೇ ಮಾದರಿಯದು. ಅದನ್ನು ಸಿಕ್ಕಿಸಿದರೆ ಎಂಜಿನ್ ಒಂದೇ ಸದ್ದಿನಲ್ಲಿ ಓಡಿತು. ಪಂಪ್ ಪಾಸ್. ತಪ್ಪು ನಮ್ಮ ಟ್ಯಾಂಕ್ ಅಥವಾ ಪೈಪಿನದು. ಅಣ್ಣ ಬಗ್ಗಿ ನೋಡಿ, ‘ಗಾಳಿ ಎಳಿತಿತ್ತ್ ಕಾಣ್’ ಅಂದು ಹೋದ.

ಎಲ್ಲಿಂದ ಎಳೆಯುತ್ತಿದೆ ಅಂತ ನೋಡಲು, ಎಂಜಿನ್ ಕವರ್ ತೆಗೆದು ಕನೆಕ್ಟರ್ ಮತ್ತು ಫಿಲ್ಟರ್ ನಡುವೆ ಒಂದು ಗೇಣು ಪಾರದರ್ಶಕ ಪೆಟ್ರೋಲ್ ಪೈಪ್ ಹಾಕಿದೆ. ಟೂಟಿ ಎಣ್ಣೆ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆತ ಪೆಟ್ರೋಲ್ ನೀಲಿಯಾಗಿ ಕಾಣುತ್ತಿತ್ತು. ಥ್ರಾಟಲ್ ಏರಿಸುತ್ತಿದ್ದ ಹಾಗೆ ಆ ನೀಲಿಯಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬಂದವು. ಕನೆಕ್ಟರನ್ನು ಬೆರಳಲ್ಲಿ ಒಂದು ಬದಿಗೆ ಒತ್ತಿದರೆ ಗುಳ್ಳೆ ಜಾಸ್ತಿ, ಇನ್ನೊಂದು ಬದಿಗೆ ಒತ್ತಿದರೆ ಪೂರ್ತಿ ಮಾಯ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್, ಒಂದು ಕಡೆ ಸೀಳಿತ್ತು.

ಹೊರಗೆ ಒಂದು ಹನಿ ಪೆಟ್ರೋಲ್ ಸೋರಿರಲಿಲ್ಲ. ಓಡುವಾಗ ಈ ಪೈಪಿನಲ್ಲಿ ಇರುವುದು ಎಳೆತ, ಒತ್ತಡ ಅಲ್ಲ. ಅದಕ್ಕೇ ಇಂಥ ಸೀಳು ಪೆಟ್ರೋಲ್ ಹೊರಗೆ ಬಿಡದೆ ಗಾಳಿಯನ್ನು ಒಳಗೆ ಎಳೆಯುತ್ತದೆ. ‘ಸೋರುತ್ತಿಲ್ಲ, ಪೈಪ್ ಚೆನ್ನಾಗಿದೆ’ ಅನ್ನುವವರಿಗೆ ಇದನ್ನು ಹೇಳಿ.

ನಲ್ಲಿ ರಿಪೇರಿಗೆ ಬರುವ ಓ-ರಿಂಗ್ ಹಾಕಬೇಡಿ, ಪೆಟ್ರೋಲ್ ತಾಗಿದರೆ ಉಬ್ಬಿಕೊಳ್ಳಬಹುದು. ಪೆಟ್ರೋಲ್ ತಡೆಯುವ ರಬ್ಬರಿನದೇ ಬೇಕು. ಜೊತೆಗೆ ತಂತಿ ಸುತ್ತಿ ಬಿಗಿದಿದ್ದ ಕಡೆ ಎಲ್ಲ ಸ್ಟೀಲ್ ಕ್ಲ್ಯಾಂಪ್ ಹಾಕಿದೆ. ಬಲ್ಬ್ ಒತ್ತುವಾಗ ಬಾಣದ ಗುರುತು ಮೇಲಕ್ಕೆ ಬರುವ ಹಾಗೆ ನೆಟ್ಟಗೆ ಹಿಡಿಯುವುದನ್ನು ಮಾವನ ಮಗನಿಗೆ ತೋರಿಸಿಕೊಟ್ಟೆ. ಒಳಗಿನ ವಾಲ್ವ್ ಸರಿಯಾಗಿ ಕೂತು ಬೇಗ ಗಟ್ಟಿಯಾಗುತ್ತದೆ.

ಸೆಪ್ಟೆಂಬರ್

ನಿಲ್ಲುವುದು ನಿಂತಿತು. ಆದರೆ ಐಡಲ್‌ನಿಂದ ಥ್ರಾಟಲ್ ಏರಿಸುವಾಗ ಒಂದು ಕ್ಷಣ ತಡವರಿಸುತ್ತದೆ. ಗಾಳಿ ಕಮ್ಮಿ ಮಾಡುವ ಚೋಕ್ ಸ್ವಲ್ಪ ಎಳೆದರೆ ಸರಿ. ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ ಅನ್ನುವ ಲಕ್ಷಣ. ಈಗ ಬಂತು ನೋಡಿ ಕಾರ್ಬುರೇಟರ್ ಸರದಿ.

ಬಿಚ್ಚುವ ಮೊದಲು ಅದರಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಕೆಳಗಿನ ಸ್ಕ್ರೂ ತೆಗೆದು, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದೆ. ಮೇಲೆ ಪೆಟ್ರೋಲ್, ತಳದಲ್ಲಿ ಬಣ್ಣವಿಲ್ಲದ ಒಂದು ಪದರ. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರರಲ್ಲಿ 20 ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಸಿಕ್ಕಿದ್ದು. ಎಥನಾಲ್ ನೀರನ್ನು ಹೀರುತ್ತದೆ, ನೀರು ಮಿತಿ ಮೀರಿದರೆ ಅದರ ಜೊತೆ ಸೇರಿ ತಳಕ್ಕೆ ಇಳಿಯುತ್ತದೆ. ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟೂ ಸ್ಟ್ರೋಕ್ ಎಂಜಿನ್ ತಳದ ಪದರವನ್ನು ಎಳೆದರೆ ಎಣ್ಣೆಯಿಲ್ಲದೆ ಓಡಿದ ಹಾಗೆ. ತಡವರಿಸುವುದಕ್ಕಿಂತ ನನಗೆ ಇದೇ ಹೆಚ್ಚು ಹೆದರಿಕೆ.

ಮಾವ ನಂಬಲಿಲ್ಲ. ಎಣ್ಣೆ ಬೆರೆಸದ ಹೊಸ ಪೆಟ್ರೋಲ್ 100 ಮಿಲಿ ತೆಗೆದುಕೊಂಡು 10 ಮಿಲಿ ನೀರು ಹಾಕಿ ಕುಲುಕಿ ಇಟ್ಟೆ. ಕೆಳಗಿನ ಪದರ 10 ಇದ್ದದ್ದು ಸುಮಾರು 30 ಮಿಲಿ ಆಯಿತು. ಪೆಟ್ರೋಲಿನ ಎಥನಾಲೆಲ್ಲ ನೀರಿನ ಜೊತೆ ಹೋಗಿತ್ತು. ಮಾವ ಬಾಟಲಿ ಬೆಳಕಿಗೆ ಹಿಡಿದು, ‘ಇದಕ್ಕೆ ನಾವು ದುಡ್ಡು ಕೊಡುದಾ?’ ಅಂದರು.

ಕಾರ್ಬುರೇಟರ್ ಒಳಗೆ ಬಟ್ಟಲಿನ ಗೋಡೆಗೆ ಬಿಳಿ ಪುಡಿ, ಐಡಲ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ಟಿನಲ್ಲಿ ಕಂದು ಅಂಟು. ಪೈಲಟ್ ಸ್ಕ್ರೂವನ್ನು ಮೊದಲು ಹಗುರಾಗಿ ಪೂರ್ತಿ ಒಳಗೆ ತಿರುಗಿಸಿ, ಎಷ್ಟು ಸುತ್ತು ಅಂತ ಎಣಿಸಿ ಬರೆದುಕೊಂಡೆ. ಮತ್ತೆ ಜೋಡಿಸುವಾಗ ಅಷ್ಟೇ ಸುತ್ತು ಬಿಚ್ಚಿದರೆ ಸೆಟ್ಟಿಂಗ್ ಹಳೆಯದೇ. ಜೆಟ್ಟಿಗೆ ಸೇಫ್ಟಿ ಪಿನ್ ತುರುಕುವುದು ನಮ್ಮೂರಿನ ಚಾಳಿ. ಹಿತ್ತಾಳೆ ಮೆತ್ತಗೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ಕ್ಲೀನರ್‌ನಲ್ಲಿ ನೆನೆಸಿ, ಗಾಳದ ಸಪೂರ ನೈಲಾನ್ ದಾರ ತೂರಿಸಿ, ಗಾಳಿ ಹೊಡೆದೆ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಂಡಿತು.

ಕೈ ಹಾಕಿದ್ದಕ್ಕೆ ಪೆಟ್ರೋಲ್ ಎಳೆಯುವ ಪಂಪನ್ನೂ ತೆರೆದೆ. ಕ್ರ್ಯಾಂಕ್‌ಕೇಸಿನ (ಪಿಸ್ಟನ್ ಕೆಳಗಿನ ಕೋಣೆಯ) ಒತ್ತಡ ಏರಿಳಿಯುವಾಗ ಒಂದು ತೆಳು ಪೊರೆ, ಡಯಾಫ್ರಂ, ಬಡಿದುಕೊಂಡು ಪೆಟ್ರೋಲ್ ಎಳೆಯುತ್ತದೆ, ಅಷ್ಟೇ ಅದರ ಕೆಲಸ. ಹರಿದಿರಲಿಲ್ಲ, ಆದರೆ ಸೆಟೆದು ಅಂಚು ಅಲೆಅಲೆಯಾಗಿತ್ತು. ಹರಿದರೆ ಪೆಟ್ರೋಲ್ ನೇರ ಕ್ರ್ಯಾಂಕ್‌ಕೇಸಿಗೇ ಹೋಗುತ್ತದೆ. ಕಿಟ್ ತಂದು ಬದಲಿಸಿದೆ.

ಅಕ್ಟೋಬರ್

ಅಳಿವೆ ದಾಟಿ ಬಂದೆವು. ಪೂರ್ತಿ ಥ್ರಾಟಲ್‌ನಲ್ಲಿ ಬಲ್ಬ್ ಗಟ್ಟಿಯಾಗೇ ಇತ್ತು, ಚೋಕ್ ಮುಟ್ಟಲಿಲ್ಲ. ಹುಟ್ಟು ಮತ್ತು ಲೈಫ್ ಜಾಕೆಟ್ ಮಾತ್ರ ಈಗಲೂ ದೋಣಿಯಲ್ಲೇ ಇರುತ್ತವೆ.

ಈಗ ಪದ್ಧತಿ ಹೀಗೆ: ಬೇಕಾದಷ್ಟೇ ಪೆಟ್ರೋಲ್, ಲೀಟರಿಗೆ 20 ಮಿಲಿ ಔಟ್‌ಬೋರ್ಡ್ ಎಣ್ಣೆ, ಅಂದರೆ 50ಕ್ಕೆ 1. ನಮ್ಮ ಎಂಜಿನ್ನಿನ ಲೆಕ್ಕ ಇದು, ನಿಮ್ಮದಕ್ಕೆ ಮ್ಯಾನ್ಯುವಲ್ ನೋಡಿ. ಬೈಕಿನ ಟೂಟಿ ಎಣ್ಣೆ ಬೇಡ, ಟಿಸಿ-ಡಬ್ಲ್ಯೂ3 ಅಂತ ಬರೆದದ್ದೇ ಆಗಬೇಕು. ದಡಕ್ಕೆ ಬಂದು ಸಿಹಿನೀರಿನಲ್ಲಿ ಓಡಿಸುವಾಗ ಕನೆಕ್ಟರ್ ಕಿತ್ತು, ಬಟ್ಟಲಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವ ತನಕ ಬಿಡುತ್ತೇವೆ. ಸೀಮೆಎಣ್ಣೆ ಎಂಜಿನ್ ಇರುವ ಪಕ್ಕದ ಅಣ್ಣ ನಿಲ್ಲಿಸುವ ಮೊದಲು ಪೆಟ್ರೋಲಿಗೆ ತಿರುಗಿಸಿಕೊಳ್ಳುತ್ತಾನೆ. ಇಲ್ಲದಿದ್ದರೆ ಮರುದಿನ ತಣ್ಣಗಿನ ಎಂಜಿನ್ ಸೀಮೆಎಣ್ಣೆಯಲ್ಲಿ ಹೊತ್ತಿಕೊಳ್ಳುವುದಿಲ್ಲ.

ಬಾಕಿ ಇರುವುದು ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಇಂಪೆಲ್ಲರ್, ಅಂದರೆ ಅದರೊಳಗೆ ತಿರುಗುವ ರಬ್ಬರ್ ಚಕ್ರ. ಹಿಂದಿನಿಂದ ಬೀಳುವ ನೀರಿನ ಧಾರೆ ಸ್ವಲ್ಪ ಸಣ್ಣಗಾಗಿದೆ. ಅದಕ್ಕೆ ಕೆಳಗಿನ ಗೇರ್ ಭಾಗ ಇಳಿಸಬೇಕು, ಒಂದು ಬೋಲ್ಟ್ ಉಪ್ಪು ಹಿಡಿದು ಕಚ್ಚಿಕೊಂಡಿದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಬಂದಿದ್ದೇನೆ.