‘ಯಾರ ಹಂಗೂ ಬೇಡ’ ಅಂದರೆ ತಪ್ಪೇನು?

ಬೆಂಗಳೂರಿಗೆ ಬಂದು ಒಬ್ಬರೇ ಇರುವವರು, ಅದರಲ್ಲೂ ಮನೆಯ ಹಿರಿಮಗಳು ಅಥವಾ ಹಿರಿಮಗ ಆಗಿ ಬೆಳೆದವರು, ಕೌನ್ಸೆಲಿಂಗಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ‘ನನ್ನ ಕೆಲಸ ನಾನೇ ಮಾಡ್ಕೋತೀನಿ, ಯಾರ ಹಂಗೂ ಬೇಡ. ಇದರಲ್ಲಿ ತಪ್ಪೇನು?’

ತಪ್ಪೇನಿಲ್ಲ, ಬೇಕಾದಾಗ ಸಹಾಯ ಕೇಳಲು ಬಾಯಿ ಬರುವುದಾದರೆ. ಪಿಜಿಯಲ್ಲಿ 102 ಡಿಗ್ರಿ ಜ್ವರದಲ್ಲಿ ಮಲಗಿ, ಪಕ್ಕದ ಮಂಚದವರಿಗೂ ತಿಳಿಸದೆ, ಊರಿಗೆ ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಅನ್ನುವವರ ವಿಷಯ ಬೇರೆ. ಅವರು ಕೇಳುವುದು ಬೇಡವೆಂದುಕೊಂಡವರಲ್ಲ, ಕೇಳಲಾರದವರು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1970ರ ದಶಕದಲ್ಲೇ ಇದನ್ನು ಗುರುತಿಸಿದ್ದರು. ಅತ್ತಾಗ ಯಾರೂ ಬರದಿದ್ದರೆ, ಬಂದವರು ಗದರಿಸಿಯೇ ಹೋದರೆ, ಮಗು ಕ್ರಮೇಣ ಅಳುವುದನ್ನು ಬಿಡುತ್ತದೆ. ಆಸರೆ ಬೇಕೆನ್ನುವುದು ಮಾತ್ರ ಒಳಗೇ ಉಳಿಯುತ್ತದೆ. ತಾಯಿ ಎದ್ದುಹೋದರೂ ಆಟದಲ್ಲೇ ಮುಳುಗಿದಂತೆ ಕಾಣುವ ಇಂಥ ಮಕ್ಕಳ ಎದೆಬಡಿತ ಏರಿರುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ.

ನಮ್ಮಲ್ಲಿ ಇದರ ಜೊತೆಗೆ ಋಣದ ಭಯವೂ ಇದೆ. ವಠಾರದಲ್ಲಿ ಒಂದು ಲೋಟ ಸಕ್ಕರೆ ಕೇಳಿ ತರುವುದು ದಿನದ ಮಾತಾಗಿತ್ತು. ಈಗ ಮೊಬೈಲಿನಲ್ಲಿ ಒತ್ತಿದರೆ ಸಕ್ಕರೆ ಬಾಗಿಲಿಗೇ ಬರುತ್ತದೆ. ಸಣ್ಣದನ್ನು ಕೇಳುವ ರೂಢಿ ತಪ್ಪಿ, ಕೇಳುವುದೆಂದರೆ ಕಷ್ಟಕಾಲದಲ್ಲಿ ದೊಡ್ಡದನ್ನೇ ಕೇಳುವುದು ಎಂದಾಗಿದೆ.

ಹಾಗಾಗಿ ಅಭ್ಯಾಸ ಸಣ್ಣದರಿಂದಲೇ ಶುರುವಾಗಲಿ. ‘ಇಲ್ಲ’ ಅಂದರೂ ನಷ್ಟವಾಗದಂಥದ್ದನ್ನು ವಾರಕ್ಕೆ ಎರಡು ಸಲ ಕೇಳಿ: ಪಕ್ಕದ ಮನೆಯ ಏಣಿ, ಸಹೋದ್ಯೋಗಿಯ ಹತ್ತು ನಿಮಿಷ. ಆಮೇಲೆ ದೊಡ್ಡದು. ಏನು, ಯಾವಾಗ, ಎಷ್ಟು ಹೊತ್ತು ಎಂಬುದು ಮಾತಿನಲ್ಲೇ ಇರಲಿ: ‘ಶನಿವಾರ ಬೆಳಿಗ್ಗೆ 10ಕ್ಕೆ ಅಪ್ಪನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಎರಡು ಗಂಟೆ ಜೊತೆಗಿರ್ತೀರಾ? ಆಗಲ್ಲ ಅಂದ್ರೆ ಗುರುವಾರದೊಳಗೆ ಹೇಳಿ, ಬೇರೆ ಏರ್ಪಾಡು ಮಾಡ್ಕೋತೀನಿ.’ ಇದನ್ನೇ ವಾಟ್ಸಾಪ್ ಗುಂಪಿಗೆ ಹಾಕಿದರೆ ಇನ್ನೊಬ್ಬರು ಹೋಗುತ್ತಾರೆಂದು ಎಲ್ಲರೂ ಸುಮ್ಮನಾಗುತ್ತಾರೆ. ಒಬ್ಬರನ್ನೇ ಹೆಸರು ಹಿಡಿದು ಕೇಳಿ. ಒಪ್ಪುವವರು ನಾವು ಅಂದುಕೊಂಡಷ್ಟು ಕಡಿಮೆಯಿಲ್ಲ. 2008ರಲ್ಲಿ ಪ್ರಕಟವಾದ, ಅಮೆರಿಕದ ಸಂಶೋಧಕರಾದ ಫ್ಲಿನ್ ಮತ್ತು ಲೇಕ್ ಅವರ ಪ್ರಯೋಗದಲ್ಲಿ, ಐವರಿಂದ ಪ್ರಶ್ನಾವಳಿ ತುಂಬಿಸಲು ಸುಮಾರು 20 ಜನರನ್ನು ಕೇಳಬೇಕಾದೀತೆಂದು ಊಹಿಸಿದವರಿಗೆ ಸುಮಾರು 10 ಜನರಲ್ಲೇ ಕೆಲಸ ಮುಗಿದಿತ್ತು.

ಹೆಚ್ಚಿನವರು ಎಡವುವುದು ಸಹಾಯ ಸಿಕ್ಕ ಮೇಲೆ. ಮರುದಿನವೇ ಸಿಹಿ ಹಿಡಿದು ಹೋಗಿ ಋಣ ತೀರಿಸಿಬಿಡುತ್ತಾರೆ, ಲೆಕ್ಕದ ಜೊತೆ ಒಡನಾಟವೂ ಅಲ್ಲಿಗೇ ನಿಲ್ಲುತ್ತದೆ. ‘ತುಂಬಾ ಉಪಕಾರ ಆಯ್ತು’ ಅಂದು ಸುಮ್ಮನಿರಿ. ಆ ಕಸಿವಿಸಿಯನ್ನು ಕೆಲವು ದಿನ ತಡೆದುಕೊಳ್ಳುವುದೇ ಈ ಅಭ್ಯಾಸದ ಕಷ್ಟದ ಭಾಗ.

ಕೇಳಬೇಕೆಂದಾಗಲೆಲ್ಲ ಗಂಟಲು ಕಟ್ಟುವುದು, ಹಳೆಯ ಹೊಡೆತ ಬೈಗುಳಗಳು ನೆನಪಾಗುವುದು ಇದ್ದರೆ ಇಷ್ಟು ಸಾಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ‘ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ’ ಅಂತಲೇ ಶುರು ಮಾಡಿ.