ವೊಲೊಂಗಾಂಗ್‌ನಲ್ಲಿ ಕಂಡ ಆ ಗೆಲುವು

2022ರ ಸೆಪ್ಟೆಂಬರ್ 24, ಶನಿವಾರ. ಸಿಡ್ನಿಯಿಂದ ರೈಲು ಹಿಡಿದು ಗೆಳತಿಯೊಂದಿಗೆ ವೊಲೊಂಗಾಂಗ್‌ಗೆ ಹೋಗಿದ್ದೆ. ಅಲ್ಲಿ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳೆಯರ ರೋಡ್ ರೇಸ್. ನನಗೆ ನೋಡಬೇಕಿದ್ದದ್ದು ನೆದರ್ಲೆಂಡ್ಸ್‌ನ ಆನೆಮಿಕ್ ವ್ಯಾನ್ ವ್ಲೂಟೆನ್ ಅವರನ್ನು. ಆ ವರ್ಷ ಇಟಲಿ, ಫ್ರಾನ್ಸ್, ಸ್ಪೇನ್ ಮೂರೂ ಕಡೆಯ ದೊಡ್ಡ ರೇಸ್‌ಗಳನ್ನು ಗೆದ್ದು ಬಂದಿದ್ದರು. ವಯಸ್ಸು ಇನ್ನೆರಡು ವಾರಕ್ಕೆ ನಲವತ್ತು!

ಆದರೆ ಬುಧವಾರದ ಟೈಮ್ ಟ್ರಯಲ್ ರಿಲೇಯಲ್ಲಿ (ಗಡಿಯಾರದ ವಿರುದ್ಧ ತಂಡವಾಗಿ ಓಡಿಸುವ ಸ್ಪರ್ಧೆ) ಹೊರಟ ಕೆಲವೇ ಕ್ಷಣಗಳಲ್ಲಿ ಬಿದ್ದು ಮೊಣಕೈ ಮೂಳೆ ಮುರಿದುಕೊಂಡಿದ್ದರು. ಶನಿವಾರ ಅವರು ಹೊರಟದ್ದು ಗೆಲ್ಲಲಿಕ್ಕಲ್ಲ, ತಂಡದ ಮರಿಯಾನ್ ವೋಸ್‌ಗೆ ನೆರವಾಗಲು.

ಮೌಂಟ್ ಪ್ಲೆಸೆಂಟ್ ಏರಿನ ಪಕ್ಕ ನಿಂತಾಗ ಆ ಗಾಯದ ಅರ್ಥ ನನಗೆ ಸರಿಯಾಗಿ ತಿಳಿಯಿತು. ಕಡಿದಾದ ಜಾಗ ಬಂದರೆ ಸೈಕ್ಲಿಸ್ಟ್‌ಗಳು ಸೀಟು ಬಿಟ್ಟೆದ್ದು, ಹ್ಯಾಂಡಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಎಳೆಯುತ್ತ ಇಡೀ ಮೈಭಾರ ಪೆಡಲ್ ಮೇಲೆ ಹಾಕುತ್ತಾರೆ. ಮುರಿದ ಮೊಣಕೈಯಿಂದ ಆ ಎಳೆತ ಸಾಧ್ಯವಿಲ್ಲ. ಆನೆಮಿಕ್ ಕೂತೇ ಏರುತ್ತಿದ್ದರು. ಬರೀ ಕಾಲಿನ ಬಲ. ಗೆಳತಿ ನನ್ನ ತೋಳು ಹಿಡಿದು, "ಪಾಪ, ಎಷ್ಟು ನೋಯ್ತಿರ್ಬೇಕು ಕಣೇ" ಅಂದಳು.

ಕೊನೆಯ ಸುತ್ತಿನ ಹೊತ್ತಿಗೆ ಮಳೆ. ಸಮುದ್ರದ ಕಡೆಯ ಫಿನಿಶ್ ಹತ್ತಿರ ದೊಡ್ಡ ಪರದೆಯಲ್ಲಿ ಐವರು ಮುಂದಿದ್ದರು, ಆನೆಮಿಕ್ ಹಿಂದಿನ ಗುಂಪಿನಲ್ಲಿ. ಕೊನೆಗೆ ಎರಡೂ ಗುಂಪು ಸೇರಿದವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿಂದಿನಿಂದ ನೆದರ್ಲೆಂಡ್ಸ್‌ನ ಕಿತ್ತಳೆ ಜೆರ್ಸಿಯೊಂದು ಪಕ್ಕಕ್ಕೆ ಸರಿದು ಮುನ್ನುಗ್ಗಿತು. ಆನೆಮಿಕ್! ಸ್ಪ್ರಿಂಟ್, ಅಂದರೆ ಗೆರೆ ಹತ್ತಿರ ಬಂದಾಗ ಎದ್ದು ಪೂರ್ತಿ ವೇಗದಲ್ಲಿ ನುಗ್ಗುವುದು, ಮಾಡಲಾಗದ ಕೈ ಇದ್ದವರಿಗೆ ಇದ್ದದ್ದು ಅದೊಂದೇ ದಾರಿ: ಉಳಿದವರು ಸ್ಪ್ರಿಂಟ್ ಶುರು ಮಾಡುವ ಮೊದಲೇ ಹೊರಟುಬಿಡುವುದು. ಬೆಲ್ಜಿಯಂನ ಲೊಟ್ಟೆ ಕೊಪೆಕಿ ಹಿಡಿಯಲು ಬಂದರು. ಅಂತರ ಒಂದೇ ಸೆಕೆಂಡ್ ಉಳಿಯಿತು. ನಾನು ಕೂಗಿದ ಕೂಗಿಗೆ ಗಂಟಲು ಕಟ್ಟಿಹೋಯಿತು.

ಟೋಕಿಯೊ ಒಲಿಂಪಿಕ್ಸ್ ನೋಡಿದವರಿಗೆ ಆ ಕ್ಷಣ ಇನ್ನಷ್ಟು ತಟ್ಟುತ್ತದೆ. ಅಲ್ಲಿ ಚಿನ್ನ ಸಿಕ್ಕಿತೆಂದೇ ಆನೆಮಿಕ್ ಕೈಯೆತ್ತಿದ್ದರು. ಆದರೆ ಆಸ್ಟ್ರಿಯಾದ ಆನಾ ಕೀಸನ್‌ಹೋಫರ್ ಆಗಲೇ ಗೆದ್ದಾಗಿತ್ತು, ಅದು ಇವರಿಗೆ ಗೊತ್ತಿರಲಿಲ್ಲ. ರಿಯೊದಲ್ಲಂತೂ 2016ರಲ್ಲಿ ಮುಂದಿದ್ದವರು ಇಳಿಜಾರಿನಲ್ಲಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡಿದ್ದರು.

2019ರಲ್ಲಿ ಯಾರ್ಕ್‌ಷೈರ್‌ನಲ್ಲಿ ನೂರು ಕಿಲೋಮೀಟರ್‌ಗೂ ಹೆಚ್ಚು ಒಂಟಿಯಾಗಿ ಓಡಿಸಿ ವಿಶ್ವ ಚಾಂಪಿಯನ್ ಆದದ್ದನ್ನೇ ಅವರ ಶ್ರೇಷ್ಠ ಗೆಲುವು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಅವರು ಎಲ್ಲರಿಗಿಂತ ಬಲಶಾಲಿ. ವೊಲೊಂಗಾಂಗ್‌ನಲ್ಲಿ ಆ ಬಲದ ಅರ್ಧವೂ ಕೈಗೆ ಸಿಗದೆ, ರೇಸನ್ನು ಓದಿ ಗೆದ್ದರು.